ತಡ ಆಗಿದ್ದು ಯಾರಿಗೆ? ಯಾನಾಚೆಕ್ ಕಥೆ, 8 ಪೋಸ್ಟ್‌ಗಳಲ್ಲಿ

ಭಾಗ 1/8

ಈ ಫೋಟೋದಲ್ಲಿರೋ ತಾತನ್ನ ಒಂದ್ಸಲ ಸರಿಯಾಗಿ ನೋಡಿ. ಹಿಂದಕ್ಕೆ ಬಾಚಿದ ಬೆಳ್ಳಿ ಕೂದಲು, ದಪ್ಪ ಮೀಸೆ, ಏನೋ ಕೇಳಿಸಿಕೊಳ್ತಾ ಇರೋ ಹಾಗಿರೋ ಕಣ್ಣು. ಹೆಸರು ಲಿಯೋಶ್ ಯಾನಾಚೆಕ್. ಈಗ ಜೆಕ್ ದೇಶದಲ್ಲಿರೋ ಮೊರಾವಿಯಾ ಪ್ರಾಂತ್ಯದ ಸಂಗೀತಗಾರ. ಇವತ್ತು ಲಂಡನ್, ವಿಯೆನ್ನಾ, ನ್ಯೂಯಾರ್ಕ್‌ನ ದೊಡ್ಡ ಒಪೆರಾ ರಂಗಮಂದಿರಗಳಲ್ಲಿ ಇವರ ಕೃತಿಗಳನ್ನ ಆಡ್ತಾರೆ. ಹರುಕಿ ಮುರಕಾಮಿ ಓದೋರಿಗೆ ಇವರ ಹೆಸರು ಪರಿಚಯ ಇರಬಹುದು. '1ಕ್ಯೂ84' ಕಾದಂಬರಿ ಶುರುವಾಗೋದೇ ಟ್ಯಾಕ್ಸಿಯೊಳಗೆ ಕೇಳಿಸೋ ಇವರ 'ಸಿನ್ಫೋನಿಯೆಟ್ಟಾ'ದಿಂದ.

ಆದ್ರೆ 61 ವರ್ಷ ಆಗೋವರೆಗೂ ಈ ಮನುಷ್ಯ ತನ್ನ ಪ್ರಾಂತ್ಯದ ಹೊರಗೆ ಹೆಚ್ಚು ಜನಕ್ಕೆ ಗೊತ್ತೇ ಇಲ್ಲದ ಒಬ್ಬ ಮ್ಯೂಸಿಕ್ ಮೇಷ್ಟ್ರು.

ಇವರ ಬಗ್ಗೆ ಯಾಕೆ ಬರೀತಿದ್ದೀನಿ ಅಂದ್ರೆ, ನಮ್ಮ ವಯಸ್ಸಿನವರ ಕಿವಿಗೆ ಬೀಳೋ 'ತಡ ಆಯ್ತು' ಅನ್ನೋ ಮಾತಿಗೆ ಲೆಕ್ಕಾನೇ ಇಲ್ಲ. ಇಪ್ಪತ್ತಕ್ಕೆ ಹಾಡು ಕಲಿಯೋಕೆ ಹೋದ್ರೆ 'ಐದು ವರ್ಷಕ್ಕೇ ಶುರು ಮಾಡಬೇಕಿತ್ತಪ್ಪ' ಅಂತಾರೆ. ರೀಲ್ಸ್ ತೆಗೆದ್ರೆ ಹತ್ತು ವರ್ಷದ ಮಗು ಕೀಬೋರ್ಡ್ ಮೇಲೆ ಬಿರುಗಾಳಿ ಎಬ್ಬಿಸ್ತಿರುತ್ತೆ. ನಾವು ಫೋನ್ ಕೆಳಗಿಟ್ಟು ಸೀಲಿಂಗ್ ಫ್ಯಾನ್ ನೋಡ್ತಾ ಮಲಗ್ತೀವಿ.

ಯಾನಾಚೆಕ್ ಕಥೆಯನ್ನ ಸಾಮಾನ್ಯವಾಗಿ ಇದಕ್ಕೆ ಸಮಾಧಾನವಾಗಿ ಹೇಳ್ತಾರೆ: ನೋಡಿ, ಅರವತ್ತಕ್ಕೂ ಅದೃಷ್ಟ ಖುಲಾಯಿಸುತ್ತೆ ಅಂತ. ನನಗೆ ಆ ಥರ ಹೇಳೋದು ಪೂರ್ತಿ ಸರಿ ಅನ್ಸಲ್ಲ. ಇದರಲ್ಲಿ ತಡ ಮಾಡಿದ್ದು ಯಾರು ಅಂತ ಲೆಕ್ಕ ಹಾಕಿ ನೋಡೋಣ. ಎಂಟು ಪೋಸ್ಟ್ ಇವೆ, ಒಂದೊಂದಾಗಿ ಓದ್ಕೊಂಡು ಬನ್ನಿ.

ಭಾಗ 2/8

1854ರ ಜುಲೈ 3. ಹುಕ್ವಾಲ್ಡಿ ಅನ್ನೋ ಹಳ್ಳಿ. ಆಗ ಅದು ಆಸ್ಟ್ರಿಯಾ ಸಾಮ್ರಾಜ್ಯದ ಒಂದು ಮೂಲೆ. ಅಪ್ಪ ಊರಿನ ಶಾಲೆಯ ಮೇಷ್ಟ್ರು, ಮನೆ ತುಂಬಾ ಮಕ್ಕಳು, ಸಂಬಳ ಸಾಲದು. ಹಾಗಾಗಿ 11 ವರ್ಷದ ಲಿಯೋಶ್‌ನ ಬ್ರನೋ ಪಟ್ಟಣದ ಒಂದು ಕ್ರೈಸ್ತ ಮಠಕ್ಕೆ ಸೇರಿಸಿದರು. ಅಲ್ಲಿ ಹಾಡೋಕೆ ಬರೋ ಬಡ ಹುಡುಗರಿಗೆ ಊಟ, ವಸತಿ, ಓದು ಎಲ್ಲ ಸಿಗ್ತಿತ್ತು. ನಮ್ಮ ಕಡೆ ಮಠದ ಹಾಸ್ಟೆಲ್‌ಗಳಲ್ಲಿ ಓದಿದ ತಾತಂದಿರ ಕಥೆ ಕೇಳಿದೀರಲ್ಲ, ಹೆಚ್ಚು ಕಮ್ಮಿ ಹಾಗೇ. ಮರುವರ್ಷವೇ ಅಪ್ಪ ತೀರಿಕೊಂಡರು.

ಆ ಮಠದಲ್ಲೇ ಇನ್ನೊಬ್ಬರು ಇದ್ದರು. ಗ್ರೆಗರ್ ಮೆಂಡೆಲ್. ಹೌದು, ಹೈಸ್ಕೂಲಿನಲ್ಲಿ ಬಟಾಣಿ ಗಿಡ, ಉದ್ದ-ಗಿಡ್ಡ ಅಂತ ಚಿತ್ರ ಬರೆದು ಮಾರ್ಕ್ಸ್ ತಗೊಂಡ್ವಲ್ಲ, ಅದೇ ಮೆಂಡೆಲ್. ಹುಡುಗ ಮಠಕ್ಕೆ ಬಂದ 1865ನೇ ಇಸವಿಯಲ್ಲೇ ಮೆಂಡೆಲ್ ತಮ್ಮ ಬಟಾಣಿ ಪ್ರಯೋಗದ ಫಲಿತಾಂಶವನ್ನ ಬ್ರನೋದ ವಿಜ್ಞಾನ ಸಂಘದಲ್ಲಿ ಓದಿದರು. ಅದರ ಮಹತ್ವ ಆಗ ಯಾರಿಗೂ ಹೊಳೀಲಿಲ್ಲ. ಮೆಂಡೆಲ್ ವಿಷಯ ನೆನಪಲ್ಲಿಟ್ಕೊಳ್ಳಿ, ಕೊನೇ ಪೋಸ್ಟ್‌ನಲ್ಲಿ ಬೇಕಾಗುತ್ತೆ.

ಯಾನಾಚೆಕ್ ಮುಂದೆ ಮೇಷ್ಟ್ರ ಟ್ರೈನಿಂಗ್ ಮುಗಿಸಿ, 1874ರಲ್ಲಿ ಪ್ರಾಗ್ ನಗರದ ಆರ್ಗನ್ ಶಾಲೆಗೆ ಹೋದರು. ಪಿಯಾನೋ ಬಾಡಿಗೆಗೆ ತರೋಕೂ ಕಾಸಿಲ್ಲದೆ, ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಪಿಯಾನೋದ ಮನೆಗಳನ್ನ ಬರೆದು ಬೆರಳು ಓಡಿಸ್ತಿದ್ದರಂತೆ. ಶಬ್ದ ಇಲ್ಲದ ಪಿಯಾನೋ!

ಆಮೇಲೆ ಲೈಪ್‌ಜಿಗ್, ವಿಯೆನ್ನಾದಲ್ಲೂ ಸ್ವಲ್ಪ ಕಾಲ ಓದಿದರು. ಎಲ್ಲೂ ದೊಡ್ಡ ಹೆಸರು ಬರಲಿಲ್ಲ. ವಾಪಸ್ ಬ್ರನೋಗೇ ಬಂದರು.

ಭಾಗ 3/8

1881. ಯಾನಾಚೆಕ್‌ಗೆ 27 ವರ್ಷ. ಅದೇ ವರ್ಷ ಮದುವೆ, ಅದೇ ವರ್ಷ ಬ್ರನೋದಲ್ಲಿ ಆರ್ಗನ್ ಶಾಲೆಯ ಸ್ಥಾಪನೆ. ಹುಡುಗಿ ಜ್ದೆಂಕಾ, ಅವರ ಹತ್ರ ಪಿಯಾನೋ ಕಲೀತಿದ್ದವಳು. ಮದುವೆ ದಿನ ಆಕೆಗೆ ಇನ್ನೂ 16 ತುಂಬಿರಲಿಲ್ಲ. ಇದನ್ನ ಆ ಕಾಲದ ಪದ್ಧತಿ ಅಂತ ಹೇಳಿ ಮುಂದೆ ಹೋಗಿಬಿಡಬಹುದು. ಆದ್ರೆ ಆಕೆಯ ಬದುಕು ಹೇಗಾಯ್ತು ಅನ್ನೋದೂ ಈ ಕಥೆಯ ಭಾಗವೇ.

ಇಲ್ಲಿಂದ ಶುರುವಾಗೋದು ಸಂಸಾರಸ್ಥ ಮೇಷ್ಟ್ರ ಬದುಕು. ಟೀಚರ್ ಟ್ರೈನಿಂಗ್ ಸಂಸ್ಥೆಯಲ್ಲಿ ಪಾಠ, ಆರ್ಗನ್ ಶಾಲೆಯ ಉಸ್ತುವಾರಿ, ಕಾಯಿರ್ ನಡೆಸೋದು, ಸಂಗೀತ ಪತ್ರಿಕೆಗೆ ವಿಮರ್ಶೆ ಬರೆಯೋದು. ಇವೆಲ್ಲದರ ಮಧ್ಯೆ ಸಿಕ್ಕ ಬಿಡುವಿನಲ್ಲಿ ಸ್ವಂತ ರಚನೆ.

ಆ ಸ್ವಂತ ರಚನೆ ಹೇಗಿತ್ತು? ಚೆನ್ನಾಗೇ ಇತ್ತು, ಆದ್ರೆ ಅವರದ್ದೇ ಅನ್ನೋ ಹಾಗಿರಲಿಲ್ಲ. ಆಗ ಜೆಕ್ ಸಂಗೀತದ ದೊಡ್ಡ ಹೆಸರು ಆಂಟೊನಿನ್ ಡ್ವೋರ್ಝಾಕ್. ಯಾನಾಚೆಕ್‌ಗೆ ಸ್ನೇಹಿತರು, ಆರಾಧ್ಯರು. ಆರಂಭದ ರಚನೆಗಳಲ್ಲಿ ಅವರ ನೆರಳು ಎದ್ದು ಕಾಣುತ್ತೆ. ನಾವೆಲ್ಲ ಹಾಡೋಕೆ ಶುರು ಮಾಡಿದಾಗ ಎಸ್‌ಪಿಬಿ ಥರಾನೇ ಹಾಡೋಕೆ ನೋಡ್ತೀವಲ್ಲ, ಹಾಗೆ.

ಮೊದಲ ಒಪೆರಾ 'ಶಾರ್ಕಾ'. (ಒಪೆರಾ ಅಂದ್ರೆ ಇಡೀ ಕಥೆ ಹಾಡಿನಲ್ಲೇ ನಡೆಯೋ ನಾಟಕ. ಯಕ್ಷಗಾನದಲ್ಲಿ ಹಾಡೋದು ಭಾಗವತರು, ಇಲ್ಲಿ ಪಾತ್ರಧಾರಿಗಳೇ ಹಾಡ್ತಾರೆ.) 1887ರಲ್ಲಿ ಅದನ್ನ ಬರೆದರು. ಮೂಲ ನಾಟಕದ ಕವಿ ಅನುಮತಿ ಕೊಡಲ್ಲ ಅಂದುಬಿಟ್ಟರು. ಪೆಟ್ಟಿಗೆ ಸೇರಿದ ಆ ಒಪೆರಾ ರಂಗಕ್ಕೆ ಬಂದಿದ್ದು 1925ರಲ್ಲಿ. 38 ವರ್ಷ ಆದಮೇಲೆ!

ಭಾಗ 4/8

ಹಾಗಾದ್ರೆ ಅವರ ಸ್ವಂತ ದಾರಿ ಸಿಕ್ಕಿದ್ದೆಲ್ಲಿ? ಕಾಲೇಜಿನಲ್ಲಲ್ಲ. ಹಳ್ಳಿ ಜಾತ್ರೆಗಳಲ್ಲಿ, ಸಂತೆಯಲ್ಲಿ, ರೈಲ್ವೆ ಸ್ಟೇಷನ್‌ನಲ್ಲಿ.

1880ರ ದಶಕದ ಕೊನೆಯಿಂದ ಯಾನಾಚೆಕ್ ತಮ್ಮ ಸೀಮೆಯ ಹಳ್ಳಿಗಳಿಗೆ ಹೋಗಿ ಜನಪದ ಹಾಡು, ಕುಣಿತ ಸಂಗ್ರಹಿಸೋಕೆ ಶುರು ಮಾಡಿದರು. ಜೊತೆಗಾರ ಫ್ರಾಂಟಿಶೆಕ್ ಬಾರ್ತೋಶ್ ಅನ್ನೋ ವಿದ್ವಾಂಸರು. ಇಬ್ಬರೂ ಸೇರಿ ಹೊರತಂದ ದೊಡ್ಡ ಸಂಗ್ರಹದಲ್ಲಿ 2000ಕ್ಕೂ ಹೆಚ್ಚು ಹಾಡುಗಳಿವೆ.

ಹಾಡು ಕೇಳ್ತಾ ಕೇಳ್ತಾ ಅವರಿಗೆ ಒಂದು ವಿಷಯ ಹೊಳೀತು. ಜನ ಹಾಡದೆ ಸುಮ್ನೆ ಮಾತಾಡುವಾಗಲೂ ಅದರಲ್ಲಿ ಒಂದು ರಾಗ ಇರುತ್ತೆ.

ಇದು ಅರ್ಥ ಆಗೋಕೆ ನಿಮ್ಮ ಮನೆಯ ಉದಾಹರಣೆನೇ ಸಾಕು. ಸಂಜೆ ಆರಕ್ಕೆ ಮನೆಗೆ ಹೋದಾಗ ಅಮ್ಮ 'ಬಂದ್ಯಾ' ಅಂತಾರೆ. ರಾತ್ರಿ ಹತ್ತೂವರೆಗೆ ಹೋದಾಗಲೂ 'ಬಂದ್ಯಾ' ಅಂತಾರೆ. ಅಕ್ಷರ ಎರಡೂ ಸಲ ಒಂದೇ. ಆದ್ರೆ ಎರಡನೇದು ಕೇಳಿದ ತಕ್ಷಣ ಚಪ್ಪಲಿ ಸದ್ದಾಗದ ಹಾಗೆ ಬಿಡ್ತೀವಿ! ಧಾರವಾಡದವರ 'ಎಲ್ಲಿಗ್ ಹೊಂಟಿ' ಒಂದು ಧಾಟಿ, ಮಂಗಳೂರಿನವರ 'ಎಲ್ಲಿಗೆ ಹೋಗುದು' ಇನ್ನೊಂದು ಧಾಟಿ. ಮನಸ್ಸಿನಲ್ಲಿ ಏನಿದೆ ಅನ್ನೋದನ್ನ ಪದಕ್ಕಿಂತ ಮೊದಲು ಹೇಳಿಬಿಡೋದು ಆ ಏರಿಳಿತ.

1890ರ ದಶಕದ ಕೊನೆ ಹೊತ್ತಿಗೆ ಯಾನಾಚೆಕ್ ಇದನ್ನ ಪದ್ಧತಿಯಾಗಿ ಮಾಡೋಕೆ ಶುರು ಮಾಡಿದರು. ಜೇಬಿನಲ್ಲಿ ಪುಟ್ಟ ನೋಟ್‌ಬುಕ್. ತರಕಾರಿ ಮಾರುವವಳ ಕೂಗು, ಮಕ್ಕಳ ಜಗಳ, ರೈಲಿಗೆ ಕಾಯುವವರ ಹರಟೆ, ಹಕ್ಕಿ ಕೂಗೂ ಬಿಡಲಿಲ್ಲ. ಕೇಳಿದ್ದನ್ನ ಅಲ್ಲೇ ಸ್ವರಲಿಪಿಯಲ್ಲಿ ಗೀಚಿಕೊಳ್ಳೋದು. ಕೆಳಗೆ ಯಾರು, ಎಲ್ಲಿ, ಯಾವ ಮನಸ್ಥಿತಿಯಲ್ಲಿ ಹೇಳಿದ್ದು ಅಂತ ಟಿಪ್ಪಣಿ.

ಈ ಅಭ್ಯಾಸ ಸಾಯೋವರೆಗೂ ಬಿಡಲಿಲ್ಲ. ಯಾರೂ ಸಂಬಳ ಕೊಡದ, ಯಾರೂ ಮಾಡು ಅಂತ ಹೇಳದ ಕೆಲಸ ಅದು.

ಭಾಗ 5/8

ಈ ಪೋಸ್ಟ್ ಸ್ವಲ್ಪ ಕಷ್ಟದ್ದು.

ಯಾನಾಚೆಕ್ ತಮ್ಮ ಹೊಸ ದಾರಿಯಲ್ಲಿ ಬರೆದ ಒಪೆರಾ 'ಯೆನೂಫಾ'. ಗಾಬ್ರಿಯೆಲಾ ಪ್ರೈಸೊವಾ ಅನ್ನೋ ಲೇಖಕಿಯ ನಾಟಕ ಅದಕ್ಕೆ ಆಧಾರ. ಮೊರಾವಿಯಾದ ಒಂದು ಹಳ್ಳಿ. ಮದುವೆಗೆ ಮೊದಲೇ ಬಸುರಾದ ಹುಡುಗಿ ಯೆನೂಫಾ. ಮರ್ಯಾದೆ ಹೋಗುತ್ತೆ ಅಂತ ಅವಳ ಮಲತಾಯಿ, ಹುಟ್ಟಿದ ಮಗುವನ್ನ ಹಿಮಗಟ್ಟಿದ ಹೊಳೆಯಲ್ಲಿ ಮುಳುಗಿಸಿಬಿಡ್ತಾಳೆ. ಹಿಮ ಕರಗಿದಾಗ ಸತ್ಯ ಹೊರಬರುತ್ತೆ. 'ಮರ್ಯಾದೆ' ಅನ್ನೋ ಪದ ಏನೆಲ್ಲ ಮಾಡಿಸುತ್ತೆ ಅನ್ನೋದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

1894ರಲ್ಲಿ ಶುರು ಮಾಡಿದ್ದು. ಮುಗಿಸೋಕೆ ಒಂಬತ್ತು ವರ್ಷ ಹಿಡೀತು.

ದಂಪತಿಗೆ ಇಬ್ಬರು ಮಕ್ಕಳು. ಮಗ ವ್ಲಾದಿಮಿರ್ 1890ರಲ್ಲಿ, ಎರಡೂವರೆ ವರ್ಷದವನಿದ್ದಾಗ ತೀರಿಕೊಂಡ. ಉಳಿದವಳು ಮಗಳು ಓಲ್ಗಾ. 1902ರಲ್ಲಿ ರಷ್ಯನ್ ಭಾಷೆ ಕಲಿಯೋಕೆ ಅಂತ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಚಿಕ್ಕಪ್ಪನ ಮನೆಗೆ ಹೋದವಳಿಗೆ ಟೈಫಾಯ್ಡ್ ಬಂತು. ಕರ್ಕೊಂಡು ಬಂದರು. ಪೂರ್ತಿ ಗುಣ ಆಗಲೇ ಇಲ್ಲ.

ಕೊನೇ ದಿನಗಳಲ್ಲಿ ಓಲ್ಗಾ ಅಪ್ಪನ ಹತ್ರ ಒಂದೇ ಒಂದು ಕೇಳಿದಳು. ಯೆನೂಫಾ ನುಡಿಸಿ, ನಾನು ಅದನ್ನ ರಂಗದ ಮೇಲೆ ನೋಡೋವರೆಗೂ ಇರಲ್ಲ, ಅಂತ. ಅಪ್ಪ ಪಿಯಾನೋ ಮುಂದೆ ಕೂತು ಇಡೀ ಒಪೆರಾ ನುಡಿಸಿದರು. ಇದನ್ನ ಜ್ದೆಂಕಾ ತಮ್ಮ ನೆನಪುಗಳಲ್ಲಿ ಹೇಳಿದ್ದಾರೆ.

1903ರ ಫೆಬ್ರುವರಿ 26ರಂದು ಓಲ್ಗಾ ತೀರಿಕೊಂಡಳು. ಅವಳಿಗೆ 20 ವರ್ಷ.

ಮಗಳ ಕೊನೆಯ ಮಾತುಗಳನ್ನೂ ಯಾನಾಚೆಕ್ ಸ್ವರಲಿಪಿಯಲ್ಲಿ ಬರೆದುಕೊಂಡರು. ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂತು, ಇದೆಂಥ ಅಪ್ಪ ಅಂತ. ಆಮೇಲೆ ಯೋಚಿಸಿದೆ. ಆಗ ಮನೆಮನೆಯಲ್ಲಿ ವಾಯ್ಸ್ ರೆಕಾರ್ಡರ್ ಇರಲಿಲ್ಲ. ಮಗಳ ಧ್ವನಿ ಉಳಿಸಿಕೊಳ್ಳೋಕೆ ಆ ಮನುಷ್ಯನಿಗೆ ಗೊತ್ತಿದ್ದ ಒಂದೇ ದಾರಿ ಅದು. ನೀವೇನಂತೀರಿ?

ಮಾರ್ಚ್‌ನಲ್ಲಿ ಒಪೆರಾ ಮುಗೀತು. ಅದನ್ನ ಓಲ್ಗಾಳ ನೆನಪಿಗೆ ಅರ್ಪಿಸಿದರು.

ಭಾಗ 6/8

1904ರ ಜನವರಿ 21ರಂದು ಬ್ರನೋದಲ್ಲಿ 'ಯೆನೂಫಾ' ಮೊದಲ ಪ್ರದರ್ಶನ. ಪುಟ್ಟ ರಂಗಮಂದಿರ, ಸಣ್ಣ ವಾದ್ಯವೃಂದ. ಆದ್ರೂ ಜನ ಮೆಚ್ಚಿದರು. ಆದ್ರೆ ಬ್ರನೋದಲ್ಲಿ ಗೆದ್ದರೆ ಸಾಲದು, ಪ್ರಾಗ್‌ನ ರಾಷ್ಟ್ರೀಯ ರಂಗಮಂದಿರದಲ್ಲಿ ಆಡಬೇಕು. ಆಗಲೇ ದೇಶಕ್ಕೆ ಗೊತ್ತಾಗೋದು.

ಅಲ್ಲಿ ಒಪೆರಾ ವಿಭಾಗದ ಮುಖ್ಯಸ್ಥ ಕಾರೆಲ್ ಕೊವಾರ್ಝೊವಿಟ್ಸ್. ಈಗ ಸ್ವಲ್ಪ ಹಿಂದಕ್ಕೆ ಹೋಗಿ. ಯಾನಾಚೆಕ್ ಪತ್ರಿಕೆಗೆ ವಿಮರ್ಶೆ ಬರೀತಿದ್ದರು ಅಂದೆನಲ್ಲ? 1887ರಲ್ಲಿ ಒಂದು ಹೊಸ ಒಪೆರಾ ಬಗ್ಗೆ ಚೆನ್ನಾಗಿ ಲೇವಡಿ ಮಾಡಿ ಬರೆದಿದ್ದರು. ಆ ಒಪೆರಾ ರಚಿಸಿದವರು ಇದೇ ಕೊವಾರ್ಝೊವಿಟ್ಸ್!

16 ವರ್ಷ ಆದಮೇಲೆ ಯೆನೂಫಾ ಅವರ ಮೇಜಿಗೆ ಬಂತು. ಆಗಲ್ಲ ಅಂದರು. ಮತ್ತೆ ಕೇಳಿದರೂ ಆಗಲ್ಲ. ಹಳೇ ಸಿಟ್ಟೋ, ಸಂಗೀತವೇ ಹಿಡಿಸಲಿಲ್ಲವೋ, ಎರಡೂ ಸೇರಿತ್ತೋ, ಬಾಗಿಲಂತೂ ಬ್ರನೋ ಪ್ರದರ್ಶನ ಆದಮೇಲೆ 12 ವರ್ಷ ಮುಚ್ಚೇ ಇತ್ತು.

ಆ ವರ್ಷಗಳಲ್ಲಿ ಯಾನಾಚೆಕ್‌ಗೆ ತಮ್ಮ ಮೇಲೇ ನಂಬಿಕೆ ಎಷ್ಟು ಕುಸಿದಿತ್ತು ಅನ್ನೋದಕ್ಕೆ ಒಂದು ಘಟನೆ. 1905ರ ಅಕ್ಟೋಬರ್ 1ರಂದು ಬ್ರನೋದಲ್ಲಿ ಜೆಕ್ ವಿಶ್ವವಿದ್ಯಾಲಯ ಬೇಕು ಅಂತ ನಡೆದ ಚಳವಳಿಯಲ್ಲಿ ಫ್ರಾಂಟಿಶೆಕ್ ಪಾವ್ಲಿಕ್ ಅನ್ನೋ ಕೂಲಿಕಾರ ಸೈನಿಕನ ಬಂದೂಕಿನ ಬಾಯನೆಟ್ ಚುಚ್ಚಿ ಸತ್ತ. ಅವನ ನೆನಪಿಗೆ ಯಾನಾಚೆಕ್ ಪಿಯಾನೋ ಸೊನಾಟಾ ಬರೆದರು. 1906ರಲ್ಲಿ ಮೊದಲ ಕಚೇರಿಗೆ ಮುಂಚೆಯೇ ಅದರ ಮೂರನೇ ಭಾಗ ಸರಿಯಿಲ್ಲ ಅನ್ನಿಸಿ ಸುಟ್ಟುಹಾಕಿದರು. ಆಮೇಲೆ ಉಳಿದ ಎರಡನ್ನೂ ಪ್ರಾಗ್‌ನ ಹೊಳೆಗೆ ಎಸೆದರು.

ಪಿಯಾನೋ ನುಡಿಸಿದ ಲುಡ್ಮಿಲಾ ತುಚ್ಕೊವಾ ಹತ್ರ ಆ ಎರಡು ಭಾಗಗಳ ಪ್ರತಿ ಇತ್ತು. ಅದನ್ನ ಜೋಪಾನವಾಗಿ ಇಟ್ಟುಕೊಂಡು, ಅವರಿಗೆ 70 ತುಂಬಿದ 1924ರಲ್ಲಿ ಹೊರಗೆ ತೆಗೆದರು. ಇವತ್ತು ಆ ಸೊನಾಟಾ ಉಳಿದಿರೋದು ಅವರಿಂದ.

ಭಾಗ 7/8

ಪ್ರಾಗ್‌ನ ಬಾಗಿಲು ತೆರೆಸಿದ್ದು ಒಂದು ಜೋಡಿ. ಗಾಯಕಿ ಮರಿಯೆ ಕಲ್ಮಾ-ವೆಸೆಲಾ ಮತ್ತು ಅವರ ಗಂಡ ಡಾ. ಫ್ರಾಂಟಿಶೆಕ್ ವೆಸೆಲಿ. ಪತ್ರ ಬರೆದು, ಭೇಟಿ ಮಾಡಿ, ಪಟ್ಟು ಬಿಡದೆ ಕೊವಾರ್ಝೊವಿಟ್ಸ್‌ರನ್ನ ಒಪ್ಪಿಸಿದರು. ಅವರು ಹಾಕಿದ ಷರತ್ತು: ಸಂಗೀತವನ್ನ ನಾನು ತಿದ್ದುತ್ತೀನಿ. ಯಾನಾಚೆಕ್ ಒಪ್ಪಿಕೊಂಡರು.

1916ರ ಮೇ 26. ಮೊದಲ ಮಹಾಯುದ್ಧ ನಡೀತಾ ಇದೆ. ಪ್ರಾಗ್‌ನಲ್ಲಿ ಯೆನೂಫಾ ಭಾರೀ ಯಶಸ್ಸು. 1918ರಲ್ಲಿ ವಿಯೆನ್ನಾ. ಜರ್ಮನ್‌ಗೆ ಅನುವಾದ ಮಾಡಿದ್ದು ಕಾಫ್ಕಾನ ಗೆಳೆಯ ಮಾಕ್ಸ್ ಬ್ರೋಡ್. 1924ರಲ್ಲಿ ಬರ್ಲಿನ್, ಅದೇ ವರ್ಷ ನ್ಯೂಯಾರ್ಕ್.

ಆಮೇಲೆ ನಡೆದಿದ್ದು ನಂಬೋಕಾಗಲ್ಲ. 1921ರಲ್ಲಿ 'ಕಾಟ್ಯಾ ಕಬನೋವಾ'. 1924ರಲ್ಲಿ 'ಜಾಣ ಪುಟ್ಟ ನರಿ', ಇದು ಪೇಪರ್‌ನಲ್ಲಿ ಚಿತ್ರಗಳ ಜೊತೆ ಧಾರಾವಾಹಿಯಾಗಿ ಬಂದ ಕಥೆ. ಮನೆಗೆಲಸದ ಮಾರ್ಝಾ ಅದನ್ನ ಓದಿ ನಗ್ತಿದ್ದದ್ದು ಕೇಳಿಸಿಯೇ ಯಾನಾಚೆಕ್ ಅದರ ಕಡೆ ತಿರುಗಿದ್ದು. 1926ರಲ್ಲಿ ಸಿನ್ಫೋನಿಯೆಟ್ಟಾ. ಅದೇ ವರ್ಷ 337 ವರ್ಷ ಬದುಕಿದ ಹೆಣ್ಣಿನ ಕಥೆಯ 'ಮಾಕ್ರೊಪುಲೋಸ್', ಮೂಲ ನಾಟಕ ಕಾರೆಲ್ ಚಾಪೆಕ್‌ರದ್ದು. 'ರೋಬೋಟ್' ಅನ್ನೋ ಪದ ಜಗತ್ತಿಗೆ ಬಂದಿದ್ದೂ ಇದೇ ಚಾಪೆಕ್ ನಾಟಕದಿಂದ. 1927ರಲ್ಲಿ ಹಳೇ ಸ್ಲಾವೊನಿಕ್ ಭಾಷೆಯ ಪ್ರಾರ್ಥನಾ ಸಂಗೀತ. ಎರಡು ಕ್ವಾರ್ಟೆಟ್. ಹತ್ತೇ ವರ್ಷದೊಳಗೆ ಇಷ್ಟು. ಕೇಳಿ ನೋಡಿ, ಮುದುಕರ ಸಂಗೀತ ಅನ್ಸಲ್ಲ.

1917ರಲ್ಲಿ ಅವರಿಗೆ ಕಮಿಲಾ ಸ್ಟ್ಯೋಸ್ಲೊವಾ ಪರಿಚಯ ಆದರು. ಮದುವೆಯಾಗಿ ಮಕ್ಕಳಿದ್ದ, ಅವರಿಗಿಂತ 37 ವರ್ಷ ಚಿಕ್ಕವರು. ಅವರಿಗೆ ಬರೆದ ಪತ್ರಗಳೇ 700ಕ್ಕೂ ಹೆಚ್ಚು. ಕೊನೇ ಕಾಲದ ಎಷ್ಟೋ ಕೃತಿಗಳಿಗೆ ಸ್ಫೂರ್ತಿ ಆಕೆಯೇ. ಬರೆಯೋರು ಇದನ್ನ ಸುಂದರ ಪ್ರೇಮಕಥೆ ಅಂತ ಬರೀತಾರೆ. ಆದ್ರೆ ಅದೇ ಮನೆಯಲ್ಲಿ ಜ್ದೆಂಕಾ ಇದ್ದರು. 1917ರಿಂದಲೇ ಇಬ್ಬರೂ ಒಪ್ಪಂದ ಮಾಡಿಕೊಂಡು, ಒಂದೇ ಸೂರಿನಡಿ ಬೇರೆಯಾದವರ ಹಾಗೆ ಬದುಕಿದರು. ಎರಡೂ ಮಕ್ಕಳನ್ನ ಕಳ್ಕೊಂಡು, ಕಷ್ಟದ ವರ್ಷಗಳಲ್ಲಿ ಮನೆ ನಡೆಸಿದವರು ಆಕೆ. ಗೆಲುವಿನ ಫೋಟೋದಲ್ಲಿ ಆಕೆಗೆ ಜಾಗ ಸಿಗಲಿಲ್ಲ.

ಭಾಗ 8/8

1928ರ ಆಗಸ್ಟ್ 12. ನ್ಯುಮೋನಿಯಾದಿಂದ ಯಾನಾಚೆಕ್ ತೀರಿಕೊಂಡರು. 74 ವರ್ಷ. ಕೊನೇ ಒಪೆರಾ ರಂಗಕ್ಕೆ ಬಂದಿದ್ದು 1930ರಲ್ಲಿ. ಬ್ರನೋದಲ್ಲಿ ನಡೆದ ಅಂತ್ಯಕ್ರಿಯೆಯಲ್ಲಿ ಆ ಪುಟ್ಟ ನರಿಯ ಒಪೆರಾದ ಕೊನೇ ದೃಶ್ಯದ ಸಂಗೀತ ನುಡಿಸಿದರು.

ಈಗ ಲೆಕ್ಕ. ಬಿಕಾಂ ಹುಡುಗರಿಗೆ ಮೊದಲ ಸೆಮಿಸ್ಟರ್‌ನಲ್ಲೇ ಹೇಳಿಕೊಡೋ ಒಂದು ನಿಯಮ ಇದೆ, ಅಕ್ರೂಯಲ್ ಅಂತ. ಆದಾಯವನ್ನ ದುಡಿದ ವರ್ಷಕ್ಕೇ ಬರೀಬೇಕು, ದುಡ್ಡು ಕೈಗೆ ಯಾವಾಗ ಬಂದ್ರೂ ಸರಿ. ಯಾನಾಚೆಕ್‌ಗೆ ಚಪ್ಪಾಳೆ ಬಂದಿದ್ದು 1916ರಲ್ಲಿ. ದುಡಿದಿದ್ದು ಸಂತೆಯಲ್ಲಿ ನಿಂತು ತರಕಾರಿ ಮಾರುವವಳ ಕೂಗು ಗೀಚಿಕೊಂಡ ದಿನ. 1904ರ ಯೆನೂಫಾ ಆಗಲೇ ಯೆನೂಫಾ ಆಗಿತ್ತು. ಹಾಗಾಗಿ 61ಕ್ಕೆ ಅವರಿಗೆ ದಾರಿ ಸಿಕ್ತು ಅನ್ನೋದು ತಪ್ಪು ಎಂಟ್ರಿ. ದಾರಿ ನಲವತ್ತರ ಆಸುಪಾಸಿನಲ್ಲೇ ಸಿಕ್ಕಿತ್ತು. ಜಗತ್ತು ಬಾಕಿ ಇಟ್ಟುಕೊಂಡಿತ್ತು ಅಷ್ಟೆ.

ಆ ಬಾಕಿ ಪೂರ್ತಿ ತೀರೋಕೂ ಎಷ್ಟು ವರ್ಷ ಬೇಕಾಯ್ತು ಗೊತ್ತಾ? ಕೊವಾರ್ಝೊವಿಟ್ಸ್ ತಿದ್ದಿದ ರೂಪದಲ್ಲೇ ಜಗತ್ತು ದಶಕಗಳ ಕಾಲ ಯೆನೂಫಾ ಕೇಳಿತು. ಚಾರ್ಲ್ಸ್ ಮೆಕೆರಸ್ ಅನ್ನೋ ಕಂಡಕ್ಟರ್ ಯಾನಾಚೆಕ್ ಬರೆದ ವಾದ್ಯಸಂಯೋಜನೆಗೆ ಮರಳಿ ಅದನ್ನ ರೆಕಾರ್ಡ್ ಮಾಡಿದ್ದು 1982ರಲ್ಲಿ.

ಆದ್ರೆ ಒಂದು ಎಚ್ಚರಿಕೆ. ಬಾಕಿ ಎಲ್ಲ ವಸೂಲಾಗುತ್ತೆ ಅಂತ ಯಾರೂ ಗ್ಯಾರಂಟಿ ಕೊಡಲ್ಲ. ಮೆಂಡೆಲ್ ನೆನಪಿದ್ದಾರಾ? ಅದೇ ಮಠ, ಅದೇ ಊರು. ಅವರು ತೀರಿಕೊಂಡಿದ್ದು 1884ರಲ್ಲಿ, ಜಗತ್ತು ಅವರ ಬಟಾಣಿ ಲೆಕ್ಕವನ್ನ ಗುರುತಿಸಿದ್ದು 1900ರಲ್ಲಿ. ತುಚ್ಕೊವಾ ಆ ಪ್ರತಿ ಇಟ್ಟುಕೊಳ್ಳದೆ ಹೋಗಿದ್ರೆ? ವೆಸೆಲಿ ದಂಪತಿ ಪಟ್ಟು ಹಿಡಿಯದೆ ಇದ್ದಿದ್ರೆ? ಯಾನಾಚೆಕ್ ಆಗಲೂ ಅಷ್ಟೇ ಕೆಲಸ ಮಾಡಿರ್ತಿದ್ದರು. ನಮಗೆ ಗೊತ್ತಾಗ್ತಿರಲಿಲ್ಲ ಅಷ್ಟೆ. ಹಾಗೆ ಗೊತ್ತಾಗದೇ ಹೋದವರು ಎಷ್ಟು ಜನರೋ.

ಅದಕ್ಕೇ ಈ ಕಥೆಯಿಂದ 'ಕಾಯಿರಿ, ಅರವತ್ತಕ್ಕೆ ನಿಮ್ಮ ಟೈಮ್ ಬರುತ್ತೆ' ಅನ್ನೋ ಪಾಠ ತಗೊಳ್ಳೋಕೆ ನನಗೆ ಮನಸ್ಸಿಲ್ಲ. ನಾನು ಇಟ್ಟುಕೊಂಡಿರೋದು ಆ ಜೇಬಿನ ನೋಟ್‌ಬುಕ್. ಯಾರೂ ಕೇಳದೆ ಇದ್ದಾಗಲೂ ನೀವು ಬಿಡದೆ ಮಾಡ್ತಿರೋ ಆ ಒಂದು ಕೆಲಸ ಯಾವುದು?

ಜೊತೆಗೆ ಇನ್ನೊಂದು. ನಿಮ್ಮ ಸುತ್ತ ಹಾಗೆ ಸದ್ದಿಲ್ಲದೆ ಕೆಲಸ ಮಾಡ್ತಿರೋ ಒಬ್ಬರಾದ್ರೂ ಇರ್ತಾರೆ. ದೇವಸ್ಥಾನದಲ್ಲಿ ಭಜನೆ ಹೇಳೋ ಮಾವ ಇರಬಹುದು, ಅಡುಗೆಮನೆಯಲ್ಲಿ ಮಾತ್ರ ಹಾಡೋ ಅತ್ತೆ ಇರಬಹುದು. ಕೂತು ಕೇಳಿ, ಫೋನ್‌ನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ಳಿ. ಒಬ್ಬರ ತಡವನ್ನ ಇನ್ನೊಬ್ಬರು ಕಮ್ಮಿ ಮಾಡಬಹುದು.

ಅಂಥವರು ನಿಮಗೆ ಗೊತ್ತಿದ್ರೆ ಕೆಳಗೆ ಕಾಮೆಂಟ್‌ನಲ್ಲಿ ಅವರ ಬಗ್ಗೆ ಬರೀರಿ. ಎಲ್ಲವನ್ನೂ ಓದ್ತೀನಿ.

#ಇತಿಹಾಸ #ಯಾನಾಚೆಕ್ #ಕನ್ನಡದಲ್ಲಿಇತಿಹಾಸ